ಬೋಣಿಯ ಗಾಜು

ಅಂಕೋಲೆಯ ಹತ್ತಿರ ಕೇಣಿ ಎಂಬ ಊರಿನ ಒಂದು ಪ್ರಾಥಮಿಕ ಶಾಲೆ, ಭಾನುವಾರದ ಬೆಳಿಗ್ಗೆ. ಒಳಗಿನ ಕೋಣೆಯಲ್ಲಿ ಕಾರವಾರದಿಂದ ಬಂದ ಲೇಡಿ ಡಾಕ್ಟರು, ಅವರ ಜೊತೆಗೆ ಒಬ್ಬ ನರ್ಸು. ಬಾಗಿಲಿಗೆ ಅಡ್ಡ ಕಟ್ಟಿದ ಹಳೇ ಸೀರೆ. ಹೊರಗೆ ಜಗಲಿಯ ಬೆಂಚುಗಳ ಮೇಲೆ ಇಪ್ಪತ್ತು ಇಪ್ಪತ್ತೈದು ಹೆಂಗಸರು, ಗದ್ದೆ ಕೆಲಸ ಬಿಟ್ಟು ಬಂದವರು, ಮೀನು ಬುಟ್ಟಿ ಇಳಿಸಿ ಬಂದವರು. ಬಾಗಿಲ ಪಕ್ಕದ ಮೇಜಿನ ಮೇಲೆ ಗಾಜಿನ ಸ್ಲೈಡುಗಳ ಡಬ್ಬಿ, ಒಂದು ರಿಜಿಸ್ಟರು. ಮೇಜಿನ ಹಿಂದೆ ನಾನು. ಬೆಂಚಿನ ತುದಿಗೆ ನನ್ನ ಅಕ್ಕ ನಾಗವೇಣಿ, ಅವಳ ಕಾಲ ಬುಡದಲ್ಲಿ ಬಸಳೆಯ ಬುಟ್ಟಿ. ಅವಳಿಗೆ ಒತ್ತಿಕೊಂಡು ಬೊಮ್ಮಕ್ಕ. ಅಂಕೋಲೆ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಇಬ್ಬರೂ ಪಕ್ಕಪಕ್ಕ ಕೂತು ಸೊಪ್ಪು ತರಕಾರಿ ಮಾರುವವರು.

ಗರ್ಭಕೋಶದ ಬಾಯಿಯಿಂದ ಸಣ್ಣ ಬ್ರಶ್ಶಿನಲ್ಲಿ ಒಂದಿಷ್ಟು ಒರೆಸಿ ತೆಗೆದು ಗಾಜಿನ ಮೇಲೆ ಸವರುವ ಪರೀಕ್ಷೆ ಅದು. ಎರಡು ನಿಮಿಷದ ಕೆಲಸ. ಆದರೆ ಒಂಬತ್ತಕ್ಕೆ ಬಂದು ಕೂತವರು ಹತ್ತಾದರೂ ಒಬ್ಬರೂ ಏಳಲಿಲ್ಲ. ಎಲ್ಲರಿಗೂ ಎರಡನೆಯವರಾಗುವ ಮನಸ್ಸು.

"ಹೋಗೆ ಬೊಮ್ಮಕ್ಕ, ನೀ ದೊಡ್ಡವ್ಳು," ಅಂದಳು ಒಬ್ಬಳು.

"ನಂಗೆ ಎಂತಕ್ಕೆ? ಐದು ಹೆತ್ತವ್ಳು ನಾನು. ಅಲ್ಲಿ ಇನ್ನು ನೋಡುಕೆ ಎಂತ ಉಳ್ದದೆ?" ಅಂದಳು ಬೊಮ್ಮಕ್ಕ. ಜಗಲಿಯೆಲ್ಲ ನಗೆ. ಆದರೂ ಯಾರೂ ಏಳಲಿಲ್ಲ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಥೋ, ನಿಮ್ಮ ಕಾಯ್ತಾ ಕೂತ್ರೆ ನನ್ನ ಬಸಳೆ ಬಾಡ್ತದೆ. ನಂದೇ ಬೋಣಿ ಆಗ್ಲಿ ಬಿಡಿ."

ಸೀರೆ ಸರಿಸಿಕೊಂಡು ಒಳಗೆ ಹೋದಳು, ಬಂದಳು. ಎಲ್ಲರ ಕಣ್ಣೂ ಅವಳ ಮುಖದ ಮೇಲೆ. "ಎಂತಾ ಇಲ್ಲ ಮಾರಾಯ್ತಿ. ಹಲ್ಲು ಕೀಳ್ಸುಕ್ಕಿಂತ ಸಸಾರ," ಅಂದಳು. ಅಷ್ಟು ಸಾಕಾಯಿತು. ಬೆಂಚು ಬೆಂಚೇ ಎದ್ದು ಬಾಗಿಲಿಗೆ ಮುತ್ತಿತು.

ಬೋಣಿ ಎಂದರೆ ಬೆಳಗಿನ ಮೊದಲ ವ್ಯಾಪಾರ. ನಮ್ಮ ಅವ್ವ ಕೂಡ ಅದೇ ಪೇಟೆಯಲ್ಲಿ ಕೂತವಳು. ಅವಳ ಬುಟ್ಟಿಯ ಪಕ್ಕದಲ್ಲೇ ನಾವಿಬ್ಬರೂ ಮಾತು ಕಲಿತದ್ದು. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು, ಬೋಣಿಗೆ ಬಂದದ್ದನ್ನು ಕಣ್ಣಿಗೊತ್ತಿಕೊಂಡು ಬುಟ್ಟಿಯ ಅಡಿಗೆ ಇಡಬೇಕು, ಏನೇ ಆದರೂ ಅದನ್ನು ವಾಪಸು ಕೊಡಬಾರದು. ನರ್ಸು ಅಕ್ಕನ ಗಾಜನ್ನು ತಂದು ನನ್ನ ಕೈಗೆ ಕೊಟ್ಟಾಗ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ಏ ಮಾಲೂ, ಕಣ್ಣಿಗೊತ್ತಿ ಇಟ್ಕ," ಅಂದಳು. ತಮಾಷೆಗೇ ಅಂದದ್ದು. ನಾನೂ ನಗುತ್ತಲೇ ಕಣ್ಣಿಗೆ ಮುಟ್ಟಿಸಿದಂತೆ ಮಾಡಿ ಡಬ್ಬಿಯ ಮೊದಲ ಗೂಡಿನಲ್ಲಿ ಇಟ್ಟೆ. ಅಷ್ಟರಲ್ಲಿ ಜನ ನುಗ್ಗಿದ್ದರು. ರಿಜಿಸ್ಟರಿನಲ್ಲಿ ಅಕ್ಕನ ಹೆಸರು ಬರೆಯುವುದು ಉಳಿಯಿತು. ಸರತಿಯಲ್ಲಿ ಬಂದವರಿಗೆಲ್ಲ ಒಂದರಿಂದ ನಂಬರು ಹಾಕಿದೆ. ಅಕ್ಕನ ಗಾಜಿಗೆ ಸೊನ್ನೆ ಬರೆದೆ.

ಇಂದಿಗೂ ಆ ಸೊನ್ನೆ ಬರೆದ ಪೆನ್ನು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಕ್ಕ ಹೇಳುತ್ತಿದ್ದುದು ಒಂದೇ: "ನನ್ನ ತಂಗಿ ಕಂಪ್ಯೂಟರಿಗೆ ಕಣ್ಣು ಬರಿಸ್ತದೆ." ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಕಾರವಾರದಲ್ಲಿ ನನಗೊಂದು ಕೋಣೆ ಇದೆ. ಅದರಲ್ಲಿ ಕ್ಯಾಮರಾ ಕೂಡಿಸಿದ ಮೈಕ್ರೋಸ್ಕೋಪು, ಕಂಪ್ಯೂಟರು. ಗಾಜಿನ ಮೇಲಿನ ಕೋಶಗಳ ಸಾವಿರಾರು ಚಿತ್ರ ತೆಗೆದು, ಇದು ಒಳ್ಳೆಯದು, ಇದು ಸಂಶಯದ್ದು ಎಂದು ಗುರುತು ಹಾಕಿ ತೋರಿಸುತ್ತ ಹೋದರೆ ಕಂಪ್ಯೂಟರು ತಾನೇ ಬೇರ್ಪಡಿಸಲು ಕಲಿಯುತ್ತದೆ. ದಿನಕ್ಕೆ ನೂರಾರು ಗಾಜು ನೋಡಿ ಕಣ್ಣು ಸೋತ ಡಾಕ್ಟರಿಗೆ, ಇಲ್ಲೊಂದು ಸಲ ನೋಡಿ ಎಂದು ಅದು ಬೊಟ್ಟು ಮಾಡಿ ತೋರಿಸಬೇಕು. ಇಷ್ಟೇ ನನ್ನ ಸಂಶೋಧನೆ.

ಹೀಗೆ ಕಲಿಸುವುದನ್ನು ನಾನು ಯಾವ ಪುಸ್ತಕಕ್ಕಿಂತ ಮೊದಲು ಅಕ್ಕನಿಂದ ಕಲಿತಿದ್ದೆ. ಇಶಾಡು ಮಾವಿನ ಕಾಲದಲ್ಲಿ ಅವಳು ನನ್ನನ್ನು ರಾಶಿಯ ಮುಂದೆ ಕೂರಿಸಿ ಒಂದೊಂದೇ ಹಣ್ಣು ಕೈಗೆ ಕೊಡುತ್ತಿದ್ದಳು. "ಇದು ಚಲೋದು. ಇದು ಒಳಗೆ ಹುಳ." ಯಾಕೆ ಎಂದು ಕೇಳಿದರೆ, "ಯಾಕೆ ಅಂದ್ರೆ ಎಂತ ಹೇಳುದು, ಮುಟ್ಟು," ಎನ್ನುವಳು. ನೂರು ಹಣ್ಣು ಮುಟ್ಟುವ ಹೊತ್ತಿಗೆ ನನ್ನ ಹೆಬ್ಬೆರಳಿಗೂ ಗೊತ್ತಾಗತೊಡಗಿತು. ಯಂತ್ರವೂ ಹಾಗೇ. ಕಲಿಸುವವರು ಹುಳದ ಹಣ್ಣನ್ನು ಚಲೋದು ಎಂದು ಕೈಗಿಟ್ಟರೆ ಅದಕ್ಕೆ ಅದೇ ಚಲೋದು.

ಶಿಬಿರದ ಗಾಜುಗಳೆಲ್ಲ ಕಾರವಾರದ ಪೆಥಾಲಜಿ ಡಾಕ್ಟರ ಹತ್ತಿರ ಹೋದವು. ಅವರು ಒಂದೊಂದನ್ನೂ ನೋಡಿ ವರದಿ ಬರೆದರು. ವರದಿ ಆ ಹೆಂಗಸರಿಗೆ, ಹೆಸರು ತೆಗೆದ ಚಿತ್ರಗಳು ನನಗೆ. ಸೊನ್ನೆ ನಂಬರಿನ ಗಾಜು ಮಾತ್ರ ಹೋಗಲಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ ಗಾಜು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೆ ನಾನೇ ಬಣ್ಣ ಹಾಕಿ ನನ್ನ ಬಳಿಯೇ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಕ್ಯಾಮರಾದ ಬೆಳಕು, ಬಣ್ಣ ಸರಿ ಮಾಡಿಕೊಳ್ಳಲು ಮೊದಲು ಅದನ್ನೇ ಮಸೂರದ ಅಡಿಗೆ ಇಡುತ್ತಿದ್ದೆ. ನನ್ನ ದಿನದ ಬೋಣಿ ಅದು. ತಿಂಗಳುಗಟ್ಟಲೆ ಹಾಗೆ ಇಟ್ಟು ಇಟ್ಟು, ಅದರ ಚಿತ್ರಗಳೇ ನೂರಾರು ಆದವು. ಆರೋಗ್ಯವಂತರ ಗುಂಪಿಗೆ ಚಿತ್ರ ಕಡಿಮೆ ಬಿದ್ದಾಗ ಅವನ್ನೂ ಸೇರಿಸಿದೆ.

ಆರೋಗ್ಯವಂತೆ ಎಂದು ಹೇಳಿದವರು ಯಾರು? ಯಾರೂ ಅಲ್ಲ. ಅಕ್ಕನಲ್ಲವೇ ಅದು! ಮೊಗೆಕಾಯಿ, ಆ ದಪ್ಪ ಸೌತೆ, ಮೂರು ಚೀಲ ಒಂದೇ ಸಲ ಹೊರುವವಳು. ಒಂದು ದಿನ ಜ್ವರ ಬಂದು ಮಲಗಿದ್ದನ್ನು ನಾನು ಕಂಡವಳಲ್ಲ. ಅವಳ ಗಾಜಿನ ಮೇಲೆ ಬೇರೆ ಏನಿದ್ದೀತು?

ಪ್ರತಿ ಸಲ ಯಂತ್ರಕ್ಕೆ ಕಲಿಸಿ ಮುಗಿದ ಮೇಲೆ ಅದು ಎಲ್ಲೆಲ್ಲಿ ತಪ್ಪಿತು ಎಂದು ಪಟ್ಟಿ ತೆಗೆಯುತ್ತೇನೆ. ಪಟ್ಟಿಯ ಮೇಲ್ತುದಿಯಲ್ಲಿ ಸೊನ್ನೆ ನಂಬರು. ಬಲಗಡೆಯ ಮೂಲೆಯಲ್ಲಿ ಒಂದು ಕೋಶಗಳ ಗುಂಪು ಇತ್ತು. ಅದನ್ನು ಯಂತ್ರ ಸಂಶಯ ಎನ್ನುತ್ತಿತ್ತು. ಮುಂದಿನ ಸಲವೂ ಅದೇ. ಅದರ ಮುಂದಿನ ಸಲವೂ ಅದೇ. ಮೊದಲ ಗಾಜಲ್ಲವೇ, ಬಣ್ಣ ಜಾಸ್ತಿ ಹಿಡಿದಿದೆ, ಅದಕ್ಕೇ ಕಪ್ಪಗೆ ಕಾಣುತ್ತದೆ ಎಂದುಕೊಂಡೆ. ತೆಗೆದು ಹಾಕಿದ್ದರೂ ಆಗುತ್ತಿತ್ತು. ಪೆಥಾಲಜಿ ಡಾಕ್ಟರಿಗೆ ಒಂದು ಸಲ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರ ಕೋಣೆ ನನ್ನಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಆದರೆ ಬೋಣಿಯನ್ನು ತಿರುಗಿ ಕಳಿಸುವುದುಂಟೆ? ನನ್ನ ಕೆಲಸ ಶುರುವಾದದ್ದೇ ಅದರಿಂದ. ಆ ಮೂಲೆಯ ಚಿತ್ರಗಳನ್ನೇ ಆರಿಸಿ, ಒಳ್ಳೆಯದು, ಒಳ್ಳೆಯದು ಎಂದು ಯಂತ್ರಕ್ಕೆ ಮತ್ತೆ ಮತ್ತೆ ತೋರಿಸಿದೆ. ಕೊನೆಗೆ ಅದು ಒಪ್ಪಿತು. ಪಟ್ಟಿಯಿಂದ ಸೊನ್ನೆ ಮಾಯವಾಯಿತು. ಅವತ್ತು ನನ್ನ ನೋಟ್‌ಬುಕ್ಕಿನಲ್ಲಿ "ಸರಿಯಾಯಿತು" ಎಂದು ಬರೆದುಕೊಂಡು, ಕ್ಯಾಂಟೀನಿಗೆ ಹೋಗಿ ಚಾ ಕುಡಿದೆ.

ಆಮೇಲೆ ಎರಡು ಮಳೆಗಾಲ ಕಳೆದವು.

ಒಂದು ದಿನ ಅಂಕೋಲೆಗೆ ಹೋಗಿದ್ದೆ. ಅಂಗಳದಲ್ಲಿ ಗಣಪತಿ ಭಾವ ಬಸಳೆ ಚಪ್ಪರಕ್ಕೆ ಹಗ್ಗ ಬಿಗಿಯುತ್ತಿದ್ದರು. ಭಾವ ಮಾತು ಕಡಿಮೆ. ನನ್ನನ್ನು ನೋಡಿ ಹಗ್ಗ ಬಿಟ್ಟು ಬಂದು, "ನಿನ್ನ ಅಕ್ಕ ಸೊಂಟ ಹಿಡ್ಕಂಡು ಕೂತ್ಕಂತದೆ. ಕೇಳಿದ್ರೆ ಬೈತದೆ. ನೀ ಕೇಳು," ಎಂದು ಹೇಳಿ ಮತ್ತೆ ಹಗ್ಗದ ಹತ್ತಿರ ಹೋದರು.

ಅಕ್ಕ ಒಳಗೆ ಬಂಗಡೆ ಹೆಚ್ಚುತ್ತಿದ್ದಳು. ಕೇಳಿದೆ. ಮೊದಲು ಹಾರಿಸಿದಳು. ಮತ್ತೆ ಕೇಳಿದಾಗ ಕತ್ತಿ ಬದಿಗಿಟ್ಟು ಹೇಳಿದಳು: ಮುಟ್ಟು ನಿಂತು ಆರು ವರ್ಷ ಆದಮೇಲೆ ಮತ್ತೆ ಕಾಣಿಸಿಕೊಳ್ಳತೊಡಗಿದೆ, ನಾಲ್ಕು ತಿಂಗಳಾಯಿತು, ಈಗೀಗ ವಾಸನೆಯೂ.

"ನಾಲ್ಕು ತಿಂಗಳು! ಯಾರಿಗೂ ಯಾಕೆ ಹೇಳ್ಲಿಲ್ವೆ ಅಕ್ಕ?"

"ಬೊಮ್ಮಕ್ಕ ಹೇಳ್ತು, ಡಾಕ್ಟ್ರ ಹತ್ರ ಹೋಗು ಅಂತ. ನಾನೇ ಬೈದೆ. ನಂದು ಪರೀಕ್ಷೆ ಆಗ್ಯದೆ, ನನ್ನ ತಂಗಿಯೇ ನೋಡ್ಯದೆ ಅಂದೆ." ಅವಳು ನನ್ನ ಮುಖ ನೋಡಿದಳು. "ಎಂತಾರೂ ಇದ್ದಿದ್ರೆ ನೀ ಹೇಳ್ತಿರ್ಲಿಲ್ಲನೆ?"

ಬಂಗಡೆಯ ನೆತ್ತರು ಮಣೆಯ ಮೇಲೆ ಹರಿಯುತ್ತಿತ್ತು.

ಕಾರವಾರದ ಆಸ್ಪತ್ರೆಯಲ್ಲಿ ಕಾಯುವವರ ಜಗಲಿ ಉದ್ದಕ್ಕಿದೆ. ಅಲ್ಲಿ ಕೂತ ಮೂರು ತಾಸಿನಲ್ಲಿ ಅಕ್ಕ ಪಕ್ಕದ ಮುದುಕಿಯ ಜೊತೆ ತನ್ನ ಪೇಟೆಯ ಕೊಂಕಣಿಯಲ್ಲಿ ಮಾತಾಡಿ, ಆಕೆಯ ಮೂರು ಸೊಸೆಯಂದಿರ ಗುಣ, ಮುರುಗಲ ಹುಳಿಯ ಸಾರಿಗೆ ಹಾಕುವ ಬೆಲ್ಲದ ಪ್ರಮಾಣ ಎಲ್ಲ ತಿಳಿದುಕೊಂಡಳು. ಒಳಗೆ ಕರೆದರು. ಪರೀಕ್ಷೆಗೆಂದು ಒಂದು ತುಣುಕು ತೆಗೆದರು. ಹೊರಗೆ ಬಂದವಳ ಮುಖ ಬಿಳಿಚಿತ್ತು. "ಇದು ಹಲ್ಲಿನಾಂಗೆ ಅಲ್ಲ," ಅಂದಳು ಅಷ್ಟೇ.

ನಾಲ್ಕನೆಯ ದಿನ ಪೆಥಾಲಜಿ ಡಾಕ್ಟರು ನನಗೇ ಫೋನು ಮಾಡಿದರು. ಅವರಿಗೆ ನಾನು ಗೊತ್ತು. ರೋಗಿ ನನ್ನ ಅಕ್ಕ ಎಂಬುದೂ ಗೊತ್ತು. ತುಣುಕಿನ ಫಲಿತಾಂಶ ಹೇಳಿದರು. ಆಮೇಲೆ ಮೆಲ್ಲಗೆ, "ಇವರದು ಹಳೇ ಸ್ಮಿಯರ್ ಏನಾದರೂ ಇದೆಯೇ ಮೇಡಂ?" ಎಂದು ಕೇಳಿದರು.

ಡಬ್ಬಿಯ ಮೊದಲ ಗೂಡಿನಿಂದ ಗಾಜು ತೆಗೆದು ಕರ್ಚೀಫಿನಲ್ಲಿ ಸುತ್ತಿ ಆಟೋ ಹತ್ತಿದೆ. ಆ ಹತ್ತು ನಿಮಿಷದ ದಾರಿ. ಎರಡು ವರ್ಷದಿಂದ ಅದು ಅಷ್ಟೇ ಉದ್ದ ಇತ್ತು.

ಡಾಕ್ಟರು ಗಾಜು ನೋಡುವಾಗ ಬಾಯಲ್ಲಿ ಏನೋ ಗುನುಗುವ ಅಭ್ಯಾಸದವರು. ಗಾಜು ಅಡಿಗಿಟ್ಟರು, ಗುನುಗುತ್ತ ಸರಿಸಿದರು. ಬಲಗಡೆಯ ಮೂಲೆಗೆ ಬಂದಾಗ ಗುನುಗು ನಿಂತಿತು.

"ಇದನ್ನು ನಾನು ನೋಡಿದ್ದೆನೇ?"

"ಇಲ್ಲ ಸರ್."

"ಮತ್ತೆ ಯಾರು ನೋಡಿದ್ದು?"

"ಯಾರೂ ಇಲ್ಲ."

ಅವರು ಕುರ್ಚಿ ಹಿಂದಕ್ಕೆ ಸರಿಸಿ ನನಗೆ ಜಾಗ ಮಾಡಿಕೊಟ್ಟರು. ನಾನು ಬಗ್ಗಲಿಲ್ಲ. ಆ ಮೂಲೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನನಗೂ ನನ್ನ ಯಂತ್ರಕ್ಕೂ ಜಗಳವಾಗಿದ್ದೇ ಆ ಮೂಲೆಯಲ್ಲಿ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಆಗಲೇ ಗೊತ್ತಾಗಿದ್ದರೆ ಏನಾಗುತ್ತಿತ್ತು ಅಂತ ಯಾರೂ ಖಾತ್ರಿ ಹೇಳಲಾರರು. ಆದರೆ ಆಗ ಸಣ್ಣದಿತ್ತು," ಅಂದರು. ನನ್ನ ತಲೆಯೊಳಗೆ ಇವತ್ತಿಗೂ ಉಳಿದಿರುವುದು ಕೊನೆಯ ಮೂರು ಶಬ್ದ.

ಹುಬ್ಬಳ್ಳಿಯಲ್ಲಿ ಕಿರಣ ಚಿಕಿತ್ಸೆ, ಐದೂವರೆ ವಾರ. ನಾನು ರಜೆ ಹಾಕಿದೆ. ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಭಾವ ಅಕ್ಕನ ಚೀಲ ಕೈಯಲ್ಲಿ ಹಿಡಿದೇ ನಿಂತಿದ್ದರು. ಬಸ್ಸು ಬಂತು, ನಾವು ಹತ್ತಿದೆವು. ಅವರು ಚೀಲ ಕೊಡಲು ಮರೆತರು. ಕಂಡಕ್ಟರು ಕೂಗಿ ಇಸಿದುಕೊಳ್ಳಬೇಕಾಯಿತು. "ನೋಡೆ ಇವ್ರ. ಒಂದು ಚೀಲ ಕೊಡುಕೂ ನಾ ಹೇಳ್ಬೇಕು," ಎಂದು ಅಕ್ಕ ಕಿಟಕಿಯಿಂದ ಬೈದಳು. ತಿರುವಿನಲ್ಲಿ ಭಾವ ಮರೆಯಾಗುವವರೆಗೂ ಅವಳ ಕತ್ತು ಹೊರಗೇ ಇತ್ತು.

ಅವಳಿಲ್ಲದ ಆ ದಿನಗಳಲ್ಲಿ ಭಾವ ದಿನಾ ಬೆಳಿಗ್ಗೆ ಬಸಳೆ ಕೊಯ್ದು, ಅವಳು ಕಟ್ಟುವ ಹಾಗೇ ಬಾಳೆನಾರಿನಲ್ಲಿ ಕಟ್ಟು ಕಟ್ಟಿ ಜಗಲಿಯಲ್ಲಿ ಸಾಲಾಗಿ ಇಡುತ್ತಿದ್ದರಂತೆ. ಮಾರಲು ಅವರಿಗೆ ಬಾರದು. ಸಂಜೆಗೆ ದನಕ್ಕೆ ಹಾಕುವುದು. ಒಂದು ವಾರ ನೋಡಿದ ಬೊಮ್ಮಕ್ಕ ತಾನೇ ಬಂದು ಕಟ್ಟುಗಳನ್ನು ಹೊತ್ತುಕೊಂಡು ಹೋಗಿ, ಅಕ್ಕನ ಜಾಗದಲ್ಲಿ ಅಕ್ಕನದೇ ಚೀಲ ಹಾಸಿ, ಅದರ ಮೇಲಿಟ್ಟು ಮಾರಿದಳು. ಜಾಗ ಬೇರೆಯವರು ಹಿಡಿಯದಂತೆ. ಇಂಥವನ್ನೆಲ್ಲ ನಾನು ಮರೆಯುವುದಿಲ್ಲ.

ಹುಬ್ಬಳ್ಳಿಯ ಕಾಯುವ ಕೋಣೆಯಲ್ಲಿ ಎಲ್ಲ ಹೆಂಗಸರ ಕೈಯಲ್ಲೂ ನೀರಿನ ಬಾಟಲಿ. ಈ ಚಿಕಿತ್ಸೆಗೆ ಮೊದಲು ಹೊಟ್ಟೆ ತುಂಬ ನೀರು ಕುಡಿದು, ಉಚ್ಚೆ ಕಟ್ಟಿಕೊಂಡು, ತಮ್ಮ ಸರದಿಗೆ ಮುಕ್ಕಾಲು ತಾಸು ಕೂರಬೇಕು. ಕಟ್ಟಲು ಆಗದೆ ಹೋಗಿ ಬಂದರೆ ಮತ್ತೆ ಮೊದಲಿಂದ. ಅಲ್ಲಿ ಯಾರೂ ಯಾರ ರೋಗವನ್ನೂ ಕೇಳುತ್ತಿರಲಿಲ್ಲ. ಎಷ್ಟು ಬಾಟಲಿ ಆಯಿತು ಎಂದು ಕೇಳುತ್ತಿದ್ದರು. ಮಶಿನ್ನಿನ ಬಾಗಿಲು ತೆರೆದು ಬೆಳಗಿನ ಮೊದಲ ಹೆಸರು ಕರೆದ ಕೂಡಲೇ ಅಕ್ಕ, "ಹ್ಞಾಂ, ಬೋಣಿ ಆಯ್ತು," ಎನ್ನುವಳು. ಧಾರವಾಡ ಕಡೆಯ ಒಬ್ಬಾಕೆ ಪ್ರತಿ ಸಲವೂ, "ಏ ನಗಸಬ್ಯಾಡ್ರೀ ಯಕ್ಕಾ, ಇಲ್ಲೇ ಆಗಿಬಿಡ್ತೈತಿ," ಎಂದು ಕಾಲು ಒತ್ತಿಕೊಂಡು ನಗುತ್ತಿದ್ದಳು. ಕಿರಣ ಬೀಳಬೇಕಾದ ಕಡೆ ಅಕ್ಕನ ಹೊಟ್ಟೆಯ ಮೇಲೆ ಶಾಯಿಯಲ್ಲಿ ಗೀಟು ಹಾಕಿದ್ದರು, ತೊಳೆಯಬಾರದೆಂದು ಹೇಳಿ. "ಆಚಾರಿ ಮರಕ್ಕೆ ಗೀಟು ಹಾಕ್ದಾಂಗೆ ಹಾಕಿರು ನೋಡು," ಎಂದು ನನಗೆ ತೋರಿಸಿದಳು.

ಮೂರನೆಯ ವಾರ. ಇನ್ನು ನನ್ನಿಂದ ಆಗಲಿಲ್ಲ.

"ಅಕ್ಕ, ನಿಂಗೆ ಒಂದು ಹೇಳ್ಬೇಕು."

"ಹೇಳು. ನೀರು ಕುಡ್ದಾಯ್ತು. ಇನ್ನು ಮುಕ್ಕಾಲು ತಾಸು ನಾ ಎಲ್ಲಿಗೂ ಓಡುದಿಲ್ಲ."

ಹೇಳಿದೆ. ಸೊನ್ನೆ ನಂಬರು, ವರದಿಗೆ ಹೋಗದ ಗಾಜು, ಬಲಗಡೆಯ ಮೂಲೆ, ತಪ್ಪುಗಳ ಪಟ್ಟಿ, ನಾನು ಯಂತ್ರದ ಬಾಯಿ ಮುಚ್ಚಿಸಿದ್ದು. ಅವಳು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ, ಬಿಗಿಯುತ್ತ, ಮತ್ತೆ ತಿರುಗಿಸುತ್ತ ಕೂತಿದ್ದಳು.

"ಮಶಿನ್ನು ಎಷ್ಟು ಸಲ ಹೇಳ್ತು?"

"ರಾಶಿ ಸಲ."

"ನೀ ಅದಕ್ಕೆ ಎಂತ ಅಂದೆ?"

"ತಪ್ಪು ಅಂದೆ. ಅದು ಒಪ್ಪೂವರೆಗೂ ಅಂದೆ."

ಅಕ್ಕ ಮುಚ್ಚಳ ಬಿಗಿದು ಬಾಟಲಿಯನ್ನು ಕೆಳಗಿಟ್ಟಳು. ಆಮೇಲೆ ಅವಳು ಅಂದ ಮಾತು ನಾನು ಸಾಯುವವರೆಗೆ ನನ್ನ ಜೊತೆ ಇರುತ್ತದೆ.

"ಹಾಂಗಾದ್ರೆ ನೀ ಮಾಡಿದ ಮಶಿನ್ನು ಚಲೋನೇ ಇತ್ತು ಅಂತಾಯ್ತಲ್ಲೆ."

ನನಗೆ ಅಳು ತಡೆಯಲಿಲ್ಲ. ಆ ಕೋಣೆಯಲ್ಲಿ ಯಾರೂ ಹಾಗೆ ಅಳುತ್ತಿರಲಿಲ್ಲ. ಬಾಟಲಿ ಹಿಡಿದವರೆಲ್ಲ ತಿರುಗಿ ನೋಡಿದರು.

"ಏ, ಅಳ್ಬೇಡ. ನೀ ಅತ್ರೆ ನಂಗೂ ಬತ್ತದೆ. ನೀರೆಲ್ಲ ಹೋದ್ರೆ ಮತ್ತೆ ಮೊದ್ಲಿಂದ ಕುಡೀಬೇಕು," ಎಂದಳು. ಅಷ್ಟರಲ್ಲಿ ಅವಳ ಹೆಸರು ಕರೆದರು.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಳಗಿನಿಂದ ಬಂದ ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಧಾರವಾಡದಾಕೆಯ ಜೊತೆ ಆಡಿದಳು, ನರ್ಸುಗಳ ಜೊತೆ ಆಡಿದಳು, ಫೋನಿನಲ್ಲಿ ಭಾವನಿಗೆ ಬೈದಳು. ನಾನು ಬೇಯಿಸಿದ ಗಂಜಿ ಉಂಡಳು, ತಾಟು ತೊಳೆದಿಟ್ಟಳು, ನನ್ನ ಕಡೆ ನೋಡಲಿಲ್ಲ. ಆಸ್ಪತ್ರೆಯ ಹಿಂದೆ ನಾವು ಹಿಡಿದಿದ್ದ ಕೋಣೆ ಎಷ್ಟು ಸಣ್ಣದೆಂದರೆ ಒಬ್ಬರು ಕೂತರೆ ಇನ್ನೊಬ್ಬರು ದಾಟಬೇಕು. ಎರಡು ದಿನ ಒಬ್ಬರನ್ನೊಬ್ಬರು ದಾಟಿಕೊಂಡೇ ಇದ್ದೆವು.

ಮೂರನೆಯ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಅಂದಳು: "ಅವ್ವ ಇದ್ದಿದ್ರೆ ನಿನ್ನ ಕೆನ್ನೆಗೆ ಎರಡು ಬಿಡ್ತಿತ್ತು."

"ನೀನೇ ಬಿಡು," ಅಂದೆ.

"ನಂಗೆ ಈಗ ಕೈ ಎತ್ತುಕೆ ಶಕ್ತಿ ಇಲ್ಲ. ಆಮೇಲೆ ಬಿಡ್ತೆ. ನೆನಪಿಟ್ಕ." ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು, ಹೊರಗೆ ಹಾಕಲು. ಮಾತು ಶುರುವಾಯಿತು.

ಇದನ್ನು ಓದುವವರಲ್ಲಿ ನನ್ನಂಥವರು ಇರಬಹುದು. ತಮ್ಮವರ ರೋಗದಲ್ಲಿ ತಮ್ಮದೊಂದು ತಪ್ಪನ್ನೂ ಮಡಿಲಲ್ಲಿ ಕಟ್ಟಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು. ಡಾಕ್ಟರ ಹತ್ತಿರ ಹೋಗೋಣ ನಾಳೆ ಎಂದವರು, ಆ ಗುಳಿಗೆ ತರುವುದು ಮರೆತವರು. ನಿಮಗೆ ಹೇಳಲು ನನ್ನಲ್ಲಿ ಸಮಾಧಾನದ ಮಾತಿಲ್ಲ. ಹೇಳಿದರೆ ಭಾರ ಇಳಿಯುತ್ತದೆ ಎನ್ನುತ್ತಾರೆ, ನನಗೆ ಇಳಿಯಲಿಲ್ಲ. ಆದರೆ ಹೇಳಿದ ಮೇಲೆ ಅಕ್ಕನ ಮುಖವನ್ನು ನೇರ ನೋಡಲು ಆಯಿತು. ಉಳಿದ ದಿನಗಳು ಸ್ವಲ್ಪವೇ ಎಂದು ಆಗ ಗೊತ್ತಿರಲಿಲ್ಲ. ಆ ಸ್ವಲ್ಪವನ್ನು ಮುಖ ತಪ್ಪಿಸಿಕೊಂಡು ಕಳೆಯಲಿಲ್ಲ ಎನ್ನುವುದೊಂದು ಉಳಿದಿದೆ.

ಚಿಕಿತ್ಸೆ ಮುಗಿದು ಬಂದ ಮೇಲೆ ಏಳು ತಿಂಗಳು ಅಕ್ಕ ಪೇಟೆಗೂ ಹೋದಳು. ಬುಟ್ಟಿ ಬೊಮ್ಮಕ್ಕ ಹೊತ್ತಳು, ಬಾಯಿ ಅಕ್ಕ ಮಾಡಿದಳು. ಇಶಾಡು ಬಂದಾಗ ನನಗೆಂದು ಹತ್ತು ಹಣ್ಣು ಆರಿಸಿ ಕಾರವಾರಕ್ಕೆ ಕಳಿಸಿದಳು. ಒಂದರಲ್ಲೂ ಹುಳ ಇರಲಿಲ್ಲ. ಮಳೆ ಹಿಡಿದ ಮೇಲೆ ಬೆನ್ನು ನೋವು ಎಂದಳು. ಎಲುಬಿಗೆ ಹೋಗಿತ್ತು. ಆಮೇಲೆ ಶ್ವಾಸಕೋಶ. ಹುಬ್ಬಳ್ಳಿಯ ಡಾಕ್ಟರು, ಇನ್ನು ಮನೆಯಲ್ಲೇ ಇರಲಿ ಅಂದರು. ಬಾಳೆಗುಳಿಯಲ್ಲಿ ಇಳಿದಾಗ ಈ ಸಲ ಭಾವ ಚೀಲವನ್ನಲ್ಲ, ಅವಳನ್ನೇ ಎತ್ತಿಕೊಂಡು ಆಟೋದಲ್ಲಿ ಕೂರಿಸಿದರು. "ಹಗೂರ. ನಾ ಮೊಗೆಕಾಯಿ ಅಲ್ಲ," ಅಂದಳು.

ಒಂದು ಮಧ್ಯಾಹ್ನ ಅವಳ ಹಾಸಿಗೆಯ ಪಕ್ಕ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಆ ಗಾಜು ಎಂತ ಮಾಡ್ದೆ?"

"ಅದೆ. ಡಬ್ಬಿಲೇ ಅದೆ."

"ಸರಿ ಮಾಡಿ ಬರದ್ಯನೆ?"

ಇಲ್ಲ ಎಂದೆ. ಆ ಫೈಲು ತೆರೆಯಲು ನನ್ನ ಕೈ ಬರುತ್ತಿರಲಿಲ್ಲ. ಯಂತ್ರದ ಕೆಲಸವನ್ನೇ ನಿಲ್ಲಿಸಿ ಕೂತಿದ್ದೆ.

"ಬರಿ. ಈಗ್ಲೇ ಬರಿ, ನಾ ನೋಡ್ತೆ. ಹುಳ ಇದ್ದಿದ್ದ ಚಲೋದು ಅಂತ ಹೇಳಿ ಕೊಟ್ರೆ ಅದಾರೂ ಎಂತ ಕಲೀತದೆ, ಪಾಪ."

ಲ್ಯಾಪ್‌ಟಾಪನ್ನು ಹಾಸಿಗೆಯ ಅಂಚಿನಲ್ಲಿಟ್ಟೆ. ಸೊನ್ನೆ ನಂಬರಿನ ಚಿತ್ರಗಳನ್ನು ತೆರೆದೆ. ಪರದೆಯ ಮೇಲೆ ನೀಲಿ, ಗುಲಾಬಿ ಬಣ್ಣದ ಕೋಶಗಳು. "ಇದೇನೆ ನಾನು? ಚಂದ ಅದೆ, ಸೀರೆ ಮೇಲಿನ ಹೂವಿನಾಂಗೆ," ಅಂದಳು. ಬಲಗಡೆಯ ಮೂಲೆ ತೋರಿಸಿದೆ. ನೋಡಿದಳು. ಒಂದೊಂದೇ ಚಿತ್ರದ ಮೇಲಿನ "ಒಳ್ಳೆಯದು" ಅಳಿಸಿ "ಸಂಶಯ" ಎಂದು ಬದಲಿಸುತ್ತ ಹೋದೆ. ನೂರಾರು ಇದ್ದವು. ಮುಗಿಯುವವರೆಗೆ ಅವಳು ಎಚ್ಚರ ಇದ್ದಳು.

"ಆಯ್ತನೆ?"

"ಆಯ್ತು."

ಹೊದಿಕೆಯ ಒಳಗಿಂದ ಕೈ ತೆಗೆದು, ಎತ್ತಿ, ನನ್ನ ಕೆನ್ನೆಗೆ ಒಂದು ಹೊಡೆದಳು. ಎಲೆ ಬಿದ್ದಷ್ಟೇ ಆಯಿತು. ಇನ್ನೊಂದು ಹೊಡೆಯಲು ಕೈ ಎತ್ತಿದಳು, ಅದು ಅಲ್ಲಿಗೆ ತಲುಪಲಿಲ್ಲ. ನಾನೇ ಬಗ್ಗಿ ಆ ಕೈಗೆ ಕೆನ್ನೆ ಕೊಟ್ಟೆ.

"ತಗ. ಎರಡೂ ಆಯ್ತು," ಅಂದಳು.

ಹನ್ನೊಂದು ದಿನದ ಮೇಲೆ ಬೆಳಿಗ್ಗೆ, ಬೊಮ್ಮಕ್ಕ ಪೇಟೆಗೆ ಹೋಗುವಾಗ 'ಬತ್ತೆ ನಾಗವೇಣಿ' ಎಂದು ಹೇಳಿ ಹೋಗಿ ಒಂದು ತಾಸು ಆಗಿರಬಹುದು, ಅಕ್ಕ ಹೋದಳು. ಭಾವ ಆಗಲೇ ಬಸಳೆ ಕೊಯ್ದು ತಂದು ಜಗಲಿಯಲ್ಲಿ ಇಟ್ಟಿದ್ದರು. ಕಟ್ಟುವುದು ಬಾಕಿ ಇತ್ತು.

ತಿದ್ದಿದ ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಮತ್ತೆ ಕಲಿಸಿದೆ. ವರ್ಷ ತುಂಬಿದ ಮೇಲೆ ಅದೇ ಶಾಲೆಯಲ್ಲಿ ಮತ್ತೆ ಶಿಬಿರ ಮಾಡಿದೆವು. ಅದೇ ಲೇಡಿ ಡಾಕ್ಟರು, ಅದೇ ಜಗಲಿ, ಬೆಂಚಿನ ಮೇಲೆ ಹೆಂಗಸರು. ಈ ಸಲವೂ ಯಾರೂ ಏಳಲಿಲ್ಲ. ಅಕ್ಕನ ಕತೆ ಎಲ್ಲರಿಗೂ ಗೊತ್ತಿತ್ತು. ಆ ಪರೀಕ್ಷೆ ಮಾಡಿಸಿಕೊಂಡವಳೇ ಹೋದಳಲ್ಲ ಎಂದು ಒಬ್ಬಿಬ್ಬರು ಅಂದದ್ದು ನನಗೆ ಕೇಳಿಸಿತ್ತು. ಇಷ್ಟು ವರ್ಷ ಊರೂರು ತಿರುಗಿ ಗಾಜು ಕೂಡಿಸಿದ ನಾನು ನನ್ನದನ್ನು ಒಮ್ಮೆಯೂ ಕೊಟ್ಟಿರಲಿಲ್ಲ. ಮೇಜು ಬಿಟ್ಟು ಎದ್ದೆ.

"ನಿಲ್ಲೆ," ಎಂದು ಹಿಂದಿನಿಂದ ಬೊಮ್ಮಕ್ಕ ಕೂಗಿದಳು. ಬೆಂಚಿನ ತುದಿಯಿಂದ ಸೊಂಟ ಹಿಡಿದುಕೊಂಡು ಎದ್ದು ಬಂದಳು. "ಬೋಣಿ ನಂದು. ನಾಗವೇಣಿ ನಂಗೆ ಹೇಳಿ ಹೋಗ್ಯದೆ. ಮೊದ್ಲು ನನ್ನ ಹೆಸ್ರು ಬರಿ, ನಾ ನೋಡ್ಬೇಕು."

ನಾನು ಕೂತು ರಿಜಿಸ್ಟರಿನ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದೆ. ಒಂದು ಎಂದು ನಂಬರು ಹಾಕಿದೆ. ಓದು ಬಾರದ ಬೊಮ್ಮಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು.

"ಮತ್ತೆ ಕೇಳು. ಡಾಕ್ಟ್ರು ನೋಡಿದ ಕಾಗದ ನನ್ನ ಕೈಗೇ ಕೊಡ್ಬೇಕು. ನಿನ್ನ ಬಾಯಿ ಮಾತು ನಂಗೆ ಸಾಲುದಿಲ್ಲ."

"ಕೊಡ್ತೆ ಬೊಮ್ಮಕ್ಕ," ಅಂದೆ. ಅವಳು ಸೀರೆ ಸರಿಸಿ ಒಳಗೆ ಹೋದಳು. ಅವಳ ಹಿಂದೆ ಎರಡನೆಯವಳಾಗಿ ನಾನು ನಿಂತೆ.

ಎಂಟು ದಿನದ ಮೇಲೆ ಕಾಗದ ಹಿಡಿದು ಅಂಕೋಲೆ ಪೇಟೆಗೆ ಹೋದೆ. ಹೊತ್ತು ಇನ್ನೂ ಏರಿರಲಿಲ್ಲ. ಬೊಮ್ಮಕ್ಕ ಬುಟ್ಟಿ ಬಿಚ್ಚುತ್ತಿದ್ದಳು. ಅವಳ ಪಕ್ಕ ಅಕ್ಕನ ಚೀಲ ಹಾಸಿತ್ತು, ಅದರ ಮೇಲೆ ಭಾವ ಕಟ್ಟಿದ ಬಸಳೆ. ಕಾಗದ ಓದಿ ಹೇಳಿದೆ. ಏನೂ ತೊಂದರೆ ಇಲ್ಲ.

"ಯಾರು ನೋಡಿದ್ದು?"

"ಡಾಕ್ಟ್ರು. ಕೆಳಗೆ ಸಹಿ ಅದೆ ನೋಡು."

"ಮಶಿನ್ನು?"

"ಅದೂ ನೋಡ್ತು."

"ಇಬ್ರೂ ಒಂದೇ ಹೇಳಿದ್ರನೆ?"

"ಒಂದೇ ಹೇಳಿದ್ರು."

ಬೊಮ್ಮಕ್ಕ ಕಾಗದ ತೆಗೆದುಕೊಂಡು ಎರಡು ಕಣ್ಣಿಗೂ ಒತ್ತಿಕೊಂಡಳು. ಆಮೇಲೆ ಅದನ್ನು ಮಡಿಸಿ ಅಕ್ಕನ ಚೀಲದ ಅಡಿಗೆ ಇಟ್ಟು, ಒಂದು ಕಟ್ಟು ಬಸಳೆ ಎತ್ತಿ ನನ್ನ ಕೈಗೆ ಕೊಟ್ಟಳು.